ಪ್ಯಾಚ್ ಕಳಿಸ್ರಿ, ಆದ್ರ ಓದೋ ಹಂಗ ಕಳಿಸ್ರಿ

ಅಕ್ಟೋಬರ್ ಬಂತಂದ್ರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಮಾತು: "ಏ ದೋಸ್ತ, ನಿಂದು ಎಷ್ಟ್ ಪಿಆರ್ ಆದ್ವು?" ಯಾವ ಪ್ರಾಜೆಕ್ಟಿಗೆ ಕಳಿಸಿದಿ, ಏನು ತಿದ್ದಿದಿ, ಅದರಿಂದ ಯಾರಿಗೆ ಏನು ಉಪಯೋಗ ಆಯ್ತು ಅಂತ ಕೇಳೋರು ಕಡಿಮೆ. ನಾಲ್ಕಾದವೋ ಆರಾದವೋ, ಲೆಕ್ಕ ಅಷ್ಟೇ. ರೆಸ್ಯೂಮೆಯಲ್ಲಿ 'ಓಪನ್ ಸೋರ್ಸ್ ಕಾಂಟ್ರಿಬ್ಯೂಟರ್' ಅಂತ ಒಂದು ಸಾಲು, ಇಂಟರ್‌ವ್ಯೂನಲ್ಲಿ ತೋರಿಸೋಕೆ ಒಂದು ಲಿಂಕು.

ರೆಸ್ಯೂಮೆ ಚೆನ್ನಾಗಿರಲಿ ಅನ್ನೋ ಆಸೆಯಲ್ಲಿ ತಪ್ಪೇನಿಲ್ಲ, ನಮಗೂ ಕೆಲಸ ಬೇಕು. ಆದರೆ ಈ ಎಣಿಕೆಯ ಆಟದಲ್ಲಿ ಒಂದು ವಿಷಯ ಮರೆತೇಹೋಗಿದೆ. ನಾವು ಕಳಿಸುವ ಪ್ರತಿ ಪ್ಯಾಚನ್ನು ಆ ಕಡೆ ಯಾರೋ ಒಬ್ಬರು ಕೂತು ಓದಬೇಕು. ಬಹಳ ಸಲ ಅವರಿಗೆ ಇದಕ್ಕೆ ಸಂಬಳ ಇರೋದಿಲ್ಲ. ತಮ್ಮ ಕೆಲಸ ಮುಗಿಸಿ, ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದು ಓದುತ್ತಾರೆ. ಅವರಿಗೆ ಅರ್ಥವಾಗುವ ಹಾಗೆ ಪ್ಯಾಚನ್ನು ಜೋಡಿಸಿ ಕಳಿಸೋದು ಒಂದು ವಿದ್ಯೆ. ಲ್ಯಾಬ್ ಪರೀಕ್ಷೆಯಲ್ಲಿ ಔಟ್‌ಪುಟ್ ಬಂದ್ರೆ ಮಾರ್ಕ್ಸ್ ಬರುತ್ತವೆ. ಈ ವಿದ್ಯೆಗೆ ಅಲ್ಲಿ ಮಾರ್ಕ್ಸ್ ಇಲ್ಲ, ಹಾಗಾಗಿ ಯಾರೂ ಕಲಿಯೋದಿಲ್ಲ.

ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀವಿ. ಪ್ಯಾಚಿನ ಫಾರ್ಮ್ಯಾಟ್ ನಿಯಮಗಳನ್ನು ನಮ್ಮಲ್ಲಿ ಬಹಳ ಮಂದಿ ಕಿರಿಕಿರಿ ಅಂತ ನೋಡ್ತಾರೆ. ದೊಡ್ಡ ಊರಿನ, ಇಂಗ್ಲಿಷ್ ಬಲ್ಲವರು ಕಟ್ಟಿದ ಅಡ್ಡಗೋಡೆ ಅಂತಾನೂ ಕೆಲವರು ಅಂತಾರೆ. ನಾವು ಉಲ್ಟಾ ಹೇಳ್ತೀವಿ. ಕನ್ನಡ ಮಾಧ್ಯಮದಿಂದ ಬಂದು, ಗಾಜಿಪುರದ ಒಂದು ಬಾಡಿಗೆ ರೂಮಿನಲ್ಲಿ ಕೂತು, ಜಗತ್ತಿನ ಜೊತೆ ಕೆಲಸ ಮಾಡಬೇಕು ಅನ್ನೋ ಹುಡುಗ ಹುಡುಗಿಯರಿಗೆ ಈ ನಿಯಮಗಳಷ್ಟು ಕೈಹಿಡಿಯುವ ಸಂಗತಿ ಇನ್ನೊಂದಿಲ್ಲ.

ಟಿ-ಶರ್ಟಿನ ಕಥೆ

ಮೊದಲು ಎಣಿಕೆ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿದೆ ನೋಡೋಣ. 2014ರಲ್ಲಿ ಡಿಜಿಟಲ್‌ಓಷನ್ ಕಂಪನಿ ಹ್ಯಾಕ್ಟೋಬರ್‌ಫೆಸ್ಟ್ ಶುರು ಮಾಡಿತು. ಅಕ್ಟೋಬರ್ ತಿಂಗಳಲ್ಲಿ ಇಂತಿಷ್ಟು ಪುಲ್ ರಿಕ್ವೆಸ್ಟ್ ಕಳಿಸಿದರೆ ಒಂದು ಟಿ-ಶರ್ಟ್. ಹೊಸಬರು ಓಪನ್ ಸೋರ್ಸಿಗೆ ಬರಲಿ ಅನ್ನೋ ಉದ್ದೇಶ ಒಳ್ಳೆಯದೇ ಇತ್ತು. 2020ರ ಅಕ್ಟೋಬರಿನ ಮೊದಲ ದಿನಗಳಲ್ಲೇ ಅದು ಹಳಿ ತಪ್ಪಿತು. ರೀಡ್‌ಮಿ ಫೈಲಿನ ತಲೆಬರಹಕ್ಕೆ 'ಅಮೇಜಿಂಗ್ ಪ್ರಾಜೆಕ್ಟ್' ಅಂತ ಅಂಟಿಸಿ, 'ಇಂಪ್ರೂವ್ ಡಾಕ್ಸ್' ಅಂತ ಹೆಸರು ಕೊಟ್ಟ ಪಿಆರ್‌ಗಳು ರಾಶಿ ರಾಶಿ ಬಂದು ಬಿದ್ದವು. ಮೇಂಟೇನರ್‌ಗಳು ಬೇಸತ್ತರು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು: ತಾವಾಗಿ ಒಪ್ಪಿಕೊಂಡ ಪ್ರಾಜೆಕ್ಟುಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ.

ಬುದ್ಧಿ ಬಂತಾ? 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಅನ್ನೋ ಪ್ರಾಜೆಕ್ಟಿಗೆ ಮತ್ತೆ ಅದೇ ಆಯ್ತು. ನೋಡ್ ಬಳಸೋರೆಲ್ಲ ಬಲ್ಲ ಎಕ್ಸ್‌ಪ್ರೆಸ್. ಪುಲ್ ರಿಕ್ವೆಸ್ಟ್ ಹೇಗೆ ಕಳಿಸೋದು ಅಂತ ಕಲಿಸುವ ಒಂದು ವಿಡಿಯೋ ನೋಡಿ, ರೀಡ್‌ಮಿಯಲ್ಲಿ ತಮ್ಮ ಹೆಸರು ಬರೆದು ಕಳಿಸಿದವರಿಗೆ ಲೆಕ್ಕವೇ ಇಲ್ಲ. ಬಹುಪಾಲು ನಮ್ಮ ದೇಶದ ವಿದ್ಯಾರ್ಥಿಗಳೇ ಅನ್ನೋದು ಹೆಸರು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಹೊರಗಿನವರು ಅದನ್ನು ನೋಡಿ ನಕ್ಕರು. ನಗಲಿ ಬಿಡಿ. ಆದರೆ ನಾಳೆ ನಮ್ಮಲ್ಲೊಬ್ಬಳು ನಿಜಕ್ಕೂ ಒಳ್ಳೆಯ ಪ್ಯಾಚ್ ಕಳಿಸಿದಾಗ, ಅದನ್ನು ತೆರೆಯುವವರ ಮನಸ್ಸಿನಲ್ಲಿ ಮೊದಲೇ ಒಂದು ಅನುಮಾನ ಕೂತಿರುತ್ತೆ. ಅದರ ಸಾಲ ತೀರಿಸೋಳು ಅವಳು.

ಒಬ್ಬರ ಕೆಲಸ ಎಲ್ಲರ ತಲೆಗೆ ಬರೋದು ಹೊಸದೇನಲ್ಲ. 2021ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕಂತಲೇ ದೋಷ ಇಟ್ಟ ಪ್ಯಾಚುಗಳನ್ನು ಲಿನಕ್ಸ್ ಕರ್ನಲ್‌ಗೆ ಕಳಿಸಿ, ಹಿಡೀತಾರೋ ಇಲ್ಲವೋ ಅಂತ ಪ್ರಯೋಗ ಮಾಡಿದ ಸಂಗತಿ ದೊಡ್ಡ ಗಲಾಟೆಯಾಯಿತು. ಆ ಏಪ್ರಿಲ್‌ನಲ್ಲಿ ಕರ್ನಲ್ ಮೇಂಟೇನರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಇಡೀ ವಿಶ್ವವಿದ್ಯಾಲಯದ ಕೊಡುಗೆಗಳಿಗೇ ಬಾಗಿಲು ಹಾಕಿದರು. ಸಂಶೋಧಕರು ಕ್ಷಮೆ ಕೇಳಿ ಪ್ರಬಂಧ ಹಿಂತೆಗೆದುಕೊಂಡರು. ಆ ಗುಂಪಿಗೆ ಸಂಬಂಧವೇ ಇಲ್ಲದ ವಿದ್ಯಾರ್ಥಿಗಳೂ ಆ ಬಾಗಿಲಿನ ಹೊರಗೇ ನಿಂತಿದ್ದರು. ನಮ್ಮ ಇಮೇಲ್ ವಿಳಾಸದಲ್ಲಿ ಕಾಲೇಜಿನ ಹೆಸರಿದ್ದರೆ, ನಾವು ಕಳಿಸುವ ಪ್ಯಾಚಿನಲ್ಲೂ ಕಾಲೇಜು ಇರುತ್ತೆ.

ತೇಪೆ ಮತ್ತು ಕೌದಿ

ಪ್ಯಾಚ್ ಅಂದ್ರೆ ತೇಪೆ. ಎರಡು ಫೈಲುಗಳ ವ್ಯತ್ಯಾಸ ಮಾತ್ರ ಬರೆದ ಪಟ್ಟಿ: ಈ ಸಾಲು ತೆಗೆ, ಈ ಸಾಲು ಹಾಕು. ಪರ್ಲ್ ಭಾಷೆ ಕಟ್ಟಿದ ಲ್ಯಾರಿ ವಾಲ್ ಅದಕ್ಕೂ ಮುಂಚೆ, 1985ರಲ್ಲಿ, ಇಂಥ ಪಟ್ಟಿಯನ್ನು ಓದಿ ಫೈಲಿಗೆ ತಾನೇ ಹೊಲಿದುಬಿಡುವ 'ಪ್ಯಾಚ್' ಪ್ರೋಗ್ರಾಮ್ ಬರೆದರು. ದೂರದ ಗೆಳೆಯನಿಗೆ ಇಡೀ ಪ್ರೋಗ್ರಾಮ್ ಕಳಿಸಬೇಕಿಲ್ಲ, ಬದಲಾವಣೆ ಕಳಿಸಿದರೆ ಸಾಕು. 2005ರ ಏಪ್ರಿಲ್‌ನಲ್ಲಿ ಲೈನಸ್ ಟೋರ್ವಾಲ್ಡ್ಸ್ ಗಿಟ್ ಬರೆಯಲು ಶುರು ಮಾಡಿದ್ದೂ, ಜಗತ್ತಿನ ಮೂಲೆಮೂಲೆಯಿಂದ ಬರುವ ಇಂಥ ತೇಪೆಗಳನ್ನು ಬೇಗ ಸೇರಿಸೋಕೆ. ಗಿಟ್‌ಹಬ್‌ನ ಹಸಿರು ಬಟನ್ ಎಷ್ಟೇ ಚಂದ ಇರಲಿ, ಒಳಗೆ ಇರೋದು ಅದೇ ತೇಪೆ.

ನಮ್ಮ ಕಡೆ ಮನೆಮನೆಗೂ ಕೌದಿ ಗೊತ್ತು. ಹಳೇ ಸೀರೆ, ಅಂಗಿ, ಧೋತರದ ತುಂಡು ಸೇರಿಸಿ ಅಜ್ಜಿ ಹೊಲಿತಾಳೆ. ತುಂಡಿನ ಅಂಚು ಒಳಗೆ ಮಡಚಿ ಹೊಲಿದರೆ ಕೌದಿ ಹತ್ತಾರು ವರ್ಷ ಬಾಳುತ್ತೆ; ಅಂಚು ಹಾಗೇ ಬಿಟ್ಟರೆ ಎರಡನೇ ಒಗೆತಕ್ಕೆ ದಾರ ಬಿಚ್ಚುತ್ತೆ. ಒಂದರ ಮೇಲೊಂದು ಪ್ಯಾಚುಗಳ ಸರಣಿಯನ್ನು ನಿಭಾಯಿಸುವ ಒಂದು ಟೂಲ್ ಇದೆ, ಡೆಬಿಯನ್ ಜನ ಇವತ್ತಿಗೂ ಬಳಸ್ತಾರೆ. ಅದರ ಹೆಸರು ಕ್ವಿಲ್ಟ್, ಅಂದರೆ ಕೌದಿ! ಫಾರ್ಮ್ಯಾಟಿಂಗ್ ಅಂದ್ರೆ ಈ ಅಂಚು ಮಡಚುವ ಕೆಲಸ.

ಕಮಲಾಪುರ ಎಲ್ಲಿದೆ?

ಸುಮ್ನೆ ಉಪದೇಶ ಬೇಡ, ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇಟ್ಕೊಳ್ಳೋಣ. ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿನಲ್ಲಿ ಕರ್ನಾಟಕದ ಜಿಲ್ಲೆ, ತಾಲ್ಲೂಕುಗಳ ಜೇಸನ್ ಫೈಲ್ ಇದೆ ಅಂತ ಅಂದುಕೊಳ್ಳಿ. ಬೇರೆ ಬೇರೆ ಆ್ಯಪ್‌ಗಳ ಫಾರ್ಮುಗಳಿಗೆ ಅದೇ ಆಧಾರ. ಅದರಲ್ಲಿ ನಮ್ಮ ಜಿಲ್ಲೆಗೆ ಅಫಜಲಪುರ, ಆಳಂದ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಸೇಡಂ, ಕಲಬುರಗಿ ಅಂತ 7 ತಾಲ್ಲೂಕುಗಳಷ್ಟೇ ಇವೆ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಸೇರಿದರೆ 11 ಆಗಬೇಕು. ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಜಿಐ ಟ್ಯಾಗ್ ಸಿಕ್ಕಿದೆ, ಊರಿಗೆ ಡ್ರಾಪ್‌ಡೌನಿನಲ್ಲಿ ಜಾಗ ಸಿಕ್ಕಿಲ್ಲ. ಅಲ್ಲಿಂದ ಬರುವ ನಮ್ಮ ಗೆಳತಿ ಫಾರ್ಮ್ ತುಂಬುವಾಗ ತನ್ನ ತಾಲ್ಲೂಕಿಗೆ ಬೇರೆ ಹೆಸರು ಒತ್ತಬೇಕು. ತಿದ್ದಲೇಬೇಕಾದ ತಪ್ಪು ಇದು. ತಿದ್ದೋದು ನಾಲ್ಕು ಸಾಲಿನ ಕೆಲಸ.

ಈಗ ನಮ್ಮವರು ಸಾಮಾನ್ಯವಾಗಿ ಏನು ಮಾಡ್ತಾರೆ? ಫೈಲ್ ತೆರೆದು ನಾಲ್ಕು ತಾಲ್ಲೂಕು ಸೇರಿಸ್ತಾರೆ. ಅಲ್ಲೇ ಮೇಲೆ 'ಗುಲಬರ್ಗಾ' ಕಣ್ಣಿಗೆ ಬೀಳುತ್ತೆ. 2014ರ ನವೆಂಬರ್ 1ರಂದೇ ಊರಿನ ಹೆಸರು ಕಲಬುರಗಿ ಆಗಿದೆಯಲ್ಲ ಅಂತ ಫೈಂಡ್-ರಿಪ್ಲೇಸ್ ಒತ್ತುತ್ತಾರೆ. ಎಡಿಟರ್ ತಾನಾಗೇ ಇಡೀ ಫೈಲಿನ ಇಂಡೆಂಟ್ ಎರಡು ಸ್ಪೇಸಿನಿಂದ ನಾಲ್ಕಕ್ಕೆ ಬದಲಿಸುತ್ತೆ. ವಿಂಡೋಸ್ ಮಷೀನ್ ಆಗಿದ್ದರೆ ಸಾಲಿನ ಕೊನೆಯ ಕಣ್ಣಿಗೆ ಕಾಣದ ಗುರುತೂ ಬದಲಾಗುತ್ತೆ. 'ಅಪ್‌ಡೇಟೆಡ್ ಫೈಲ್' ಅಂತ ಬರೆದು ಕಳಿಸ್ತಾರೆ.

ಆ ಕಡೆ ತೆರೆದವರಿಗೆ ಕಾಣೋದು ಏನು? ಇಡೀ ಫೈಲ್ ಕೆಂಪು, ಇಡೀ ಫೈಲ್ ಹಸಿರು. ಸಾವಿರಾರು ಸಾಲುಗಳ ಒಳಗೆ ನಾಲ್ಕು ಸಾಲು ಎಲ್ಲಿದಾವೆ ಅಂತ ಹುಡುಕಬೇಕು. ಅದರ ಜೊತೆ ಇನ್ನೊಂದು ಅನಾಹುತ ಒಳಗೆ ಕೂತಿರುತ್ತೆ: ಊರಿನ ಹೆಸರು ಬದಲಾದರೂ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರು ಬದಲಾಗಲಿಲ್ಲ. ಆ ಹೆಸರು ಫೈಲಿನಲ್ಲಿ ಎಲ್ಲಾದರೂ ಇದ್ದರೆ ಫೈಂಡ್-ರಿಪ್ಲೇಸ್ ಅದನ್ನೂ ನುಂಗಿ, ಇಲ್ಲದ ಒಂದು ವಿಶ್ವವಿದ್ಯಾಲಯವನ್ನು ಹುಟ್ಟಿಸಿರುತ್ತೆ. ಮೇಂಟೇನರ್ ಎರಡು ನಿಮಿಷ ನೋಡಿ ಮುಚ್ಚಿಬಿಡ್ತಾರೆ. ನಮ್ಮವರು "ನಮ್ಮ ಪಿಆರ್ ತಗೊಳ್ಳೋದಿಲ್ಲ, ಅಲ್ಲೂ ಭೇದಭಾವ" ಅಂತ ಬೈಕೊಂಡು ಓಡಾಡ್ತಾರೆ. ಕಮಲಾಪುರ ಮಾತ್ರ ಇನ್ನೂ ಪಟ್ಟಿಯ ಹೊರಗೇ.

ಸರಿಯಾದ ದಾರಿ ಹೀಗಿದೆ. ಒಂದು ಪ್ಯಾಚಿಗೆ ಒಂದೇ ಬದಲಾವಣೆ. ನಾಲ್ಕು ತಾಲ್ಲೂಕು ಸೇರಿಸೋದು ಒಂದು ಪ್ಯಾಚ್. ಹೆಸರು ತಿದ್ದೋದು ಇನ್ನೊಂದು, ಯಾಕಂದ್ರೆ ಆ ಹಳೇ ಹೆಸರನ್ನೇ ಕೀ ಆಗಿ ನಂಬಿಕೊಂಡ ಬೇರೆ ಆ್ಯಪ್‌ಗಳು ಮುರಿದುಬೀಳಬಹುದು. ಅದಕ್ಕೆ ಚರ್ಚೆ ಬೇಕು. ಇಂಡೆಂಟ್ ಬದಲಿಸೋದು ನಮಗೆ ಸಂಬಂಧವೇ ಇಲ್ಲ, ಅದನ್ನು ಬಿಡೋದು. ಹೀಗೆ ಬೇರೆ ಮಾಡಿದರೆ ಚರ್ಚೆಯಿಲ್ಲದ ಮೊದಲನೆಯದು ಬೇಗ ಸೇರಿಹೋಗುತ್ತೆ. ನಾಳೆ ಎರಡನೆಯದರಿಂದ ತೊಂದರೆ ಆದರೆ ಅದೊಂದನ್ನೇ ರಿವರ್ಟ್ ಮಾಡಬಹುದು, ತಾಲ್ಲೂಕುಗಳು ಉಳೀತಾವೆ.

ಕಮಿಟ್ ಮಾಡೋ ಮುಂಚೆ ಡಿಫ್ ಅನ್ನು ಒಂದು ಸಲ ಕಣ್ಣಾರೆ ಓದಿ. ನೀವು ಮುಟ್ಟದ ಸಾಲು ಅದರಲ್ಲಿ ಕಂಡರೆ ಅದು ಕಸ. ಗಿಟ್ ಡಿಫ್‌ಗೆ 'ಚೆಕ್' ಅನ್ನುವ ಆಯ್ಕೆ ಕೊಟ್ಟರೆ ಸಾಲಿನ ಕೊನೆಯಲ್ಲಿ ಉಳಿದ ಸ್ಪೇಸುಗಳನ್ನು ಅದೇ ತೋರಿಸುತ್ತೆ. ಲಿನಕ್ಸ್ ಕರ್ನಲ್‌ಗಾದರೆ ಚೆಕ್‌ಪ್ಯಾಚ್ ಅನ್ನುವ ಸ್ಕ್ರಿಪ್ಟ್ ಇದೆ, ಯಾರಿಗೆ ಕಳಿಸಬೇಕು ಅಂತ ಹೇಳೋಕೂ ಒಂದು ಸ್ಕ್ರಿಪ್ಟ್ ಇದೆ. ಪ್ಯಾಚನ್ನು ಸಾದಾ ಅಕ್ಷರದ ಇಮೇಲ್ ಆಗಿಯೇ ಕಳಿಸಬೇಕು. ಬ್ರೌಸರಿನ ಜಿಮೇಲ್‌ನಲ್ಲಿ ಅಂಟಿಸಿದರೆ ಟ್ಯಾಬ್‌ಗಳು ಸ್ಪೇಸ್ ಆಗಿ ಪ್ಯಾಚ್ ಹಾಳಾಗುತ್ತೆ ಅಂತ ಅವರ ಕೈಪಿಡಿಯಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಪ್ರತಿ ಪ್ರಾಜೆಕ್ಟಿಗೂ ಅದರದೇ ಪದ್ಧತಿ. 'ಕಾಂಟ್ರಿಬ್ಯೂಟಿಂಗ್' ಅನ್ನೋ ಫೈಲ್ ಇರೋದು ಅದಕ್ಕೇ. ಇನ್ನೊಬ್ಬರ ಮನೆಗೆ ಹೋದಾಗ ಚಪ್ಪಲಿ ಎಲ್ಲಿ ಬಿಡಬೇಕು ಅಂತ ನೋಡಿಕೊಂಡು ಬಿಡೋದಿಲ್ವಾ, ಹಂಗೇ ಇದು.

ಮೂರು ವಾಕ್ಯದ ಇಂಗ್ಲಿಷ್

ಈಗ ನಮ್ಮ ಹುಡುಗ್ರು ನಿಜಕ್ಕೂ ಹೆದರುವ ಜಾಗಕ್ಕೆ ಬರೋಣ. ಅದು ಕಮಿಟ್ ಮೆಸೇಜು. ಕೋಡ್ ಬರೀತಾರೆ, ಮೆಸೇಜ್ ಬರೆಯುವಾಗ ಕೈ ನಡಗುತ್ತೆ. "ನಮ್ ಇಂಗ್ಲಿಷ್ ನೋಡಿ ನಗ್ತಾರ" ಅನ್ನೋ ಅಳುಕು. ಹಾಗಾಗಿ 'ಫಿಕ್ಸ್ಡ್ ಬಗ್' ಅಂತ ಎರಡು ಪದ ಬರೆದು ಓಡಿಬಿಡ್ತಾರೆ.

ಇಲ್ಲೇ ಫಾರ್ಮ್ಯಾಟ್ ನಮ್ಮ ಪರ ನಿಲ್ಲೋದು. ಮೊದಲ ಸಾಲು ಚಿಕ್ಕದು. ಗಿಟ್ ಬಳಗದ ರೂಢಿ ಸುಮಾರು 50 ಅಕ್ಷರ, ಕರ್ನಲ್‌ನವರು 75ರ ತನಕ ಬಿಡ್ತಾರೆ. ಮೊದಲು ಯಾವ ಭಾಗ ಅಂತ ಹೇಳಿ ಒಂದು ಕೋಲನ್, ಆಮೇಲೆ ಏನು ಮಾಡಬೇಕು ಅನ್ನೋದು. ಅದೂ ಆಜ್ಞೆಯ ರೂಪದಲ್ಲಿ: 'ಆ್ಯಡೆಡ್' ಅಲ್ಲ 'ಆ್ಯಡ್', 'ಫಿಕ್ಸ್ಡ್' ಅಲ್ಲ 'ಫಿಕ್ಸ್'. ಕೋಡಿಗೇ ಅಪ್ಪಣೆ ಕೊಟ್ಟ ಹಾಗೆ. ಕನ್ನಡದವರಿಗೆ ಇದು ಕಷ್ಟವೇ ಅಲ್ಲ. ನಮ್ಮಲ್ಲಿ ಸೇರಿಸು, ತೆಗೆ, ತಿದ್ದು ಅಂತ ಧಾತುವೇ ಆಜ್ಞೆ. ಕಾಲ, ಲಿಂಗ, ವಚನದ ಗೊಡವೆಯೇ ಇಲ್ಲ. ಇಂಗ್ಲಿಷಿನಲ್ಲೂ ಆಜ್ಞೆಗೆ ಅದೇ ಬರಿ ಧಾತು. ನಾವು ಎಡವುವ ಕಾಲರೂಪಗಳು ಇಲ್ಲಿ ಬೇಕಾಗೋದೇ ಇಲ್ಲ.

ಒಂದು ಸಾಲು ಖಾಲಿ ಬಿಟ್ಟು ವಿವರಣೆ. ಇದಕ್ಕೂ ಒಂದು ಅಚ್ಚು ಇದೆ, ಮೂರು ವಾಕ್ಯ ಸಾಕು. ಈಗ ಏನಿದೆ. ಅದರಿಂದ ಏನು ತೊಂದರೆ. ಈ ಪ್ಯಾಚ್ ಏನು ಮಾಡುತ್ತೆ. ನಮ್ಮ ಉದಾಹರಣೆಗೆ: ಕಲಬುರಗಿ ಜಿಲ್ಲೆಯ ಪಟ್ಟಿಯಲ್ಲಿ 7 ತಾಲ್ಲೂಕುಗಳಿವೆ, ಹೊಸದಾಗಿ ರಚನೆಯಾದ 4 ಇಲ್ಲ. ಆ ತಾಲ್ಲೂಕಿನವರು ತಮ್ಮ ವಿಳಾಸವನ್ನು ಸರಿಯಾಗಿ ಆರಿಸಲು ಆಗುತ್ತಿಲ್ಲ. ಸರ್ಕಾರದ ಪಟ್ಟಿಯ ಪ್ರಕಾರ ಆ 4ನ್ನು ಸೇರಿಸು. ಇಷ್ಟನ್ನು ಮೊದಲು ಕನ್ನಡದಲ್ಲೇ ಬರ್ಕೊಳ್ಳಿ, ಆಮೇಲೆ ಸರಳ ಇಂಗ್ಲಿಷಿಗೆ ತನ್ನಿ. ಮೂರು ಚಿಕ್ಕ ವಾಕ್ಯಕ್ಕೆ ಶೇಕ್ಸ್‌ಪಿಯರ್ ಬೇಕಾಗಿಲ್ಲ.

ಈ ವಿವರಣೆ ಯಾಕೆ ಬೇಕು ಅನ್ನೋದಕ್ಕೆ ನಮ್ಮ ಊರುಗಳೇ ಸಾಕ್ಷಿ. ನಕಾಶೆಗೆ ಗಾಜಿಪುರ ಸೇರಿಸ್ತೀವಿ ಅಂದುಕೊಳ್ಳಿ. ಪ್ಯಾಚ್ ನೋಡುವವರು ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಇರ್ತಾರೆ. ಗಾಜಿಪುರ ಅಂತ ಹುಡುಕಿದರೆ ಅವರಿಗೆ ಸಿಗೋದು ಉತ್ತರ ಪ್ರದೇಶದ ಒಂದು ಜಿಲ್ಲೆ, ದಿಲ್ಲಿಯ ಕಸದ ಗುಡ್ಡ, ಬಾಂಗ್ಲಾದೇಶದ ಒಂದು ನಗರ. ಕಮಲಾಪುರ ಅಂದ್ರೆ ಢಾಕಾದ ದೊಡ್ಡ ರೈಲ್ವೆ ಸ್ಟೇಷನ್, ಇಲ್ಲಾ ಹಂಪಿ ಪಕ್ಕದ ಊರು. ಗಾಜಿಪುರವೂ ಕಮಲಾಪುರವೂ ಒಟ್ಟಿಗೆ ಬಂದರಂತೂ ಅವರು ನೆಟ್ಟಗೆ ಢಾಕಾಕ್ಕೇ ಹೋಗ್ತಾರೆ! ನಮಗೆ ಅಂಗೈ ಗೆರೆಯಷ್ಟು ಪರಿಚಿತ ಅನ್ನಿಸೋದು ಓದುವವರಿಗೆ ಗೊತ್ತೇ ಇರೋದಿಲ್ಲ. ಅವರಿಗೆ ಇಂಗ್ಲಿಷಿನ ಸೊಗಸು ಬೇಕಾಗಿಲ್ಲ, ಯಾವ ಗಾಜಿಪುರ ಅನ್ನೋದು ಬೇಕು. ಆ ಜ್ಞಾನ ಇರೋದು ನಮ್ಮ ಹತ್ತಿರ.

ಕೊನೆಗೆ ಸಹಿ. ಕೆಲವು ಪ್ರಾಜೆಕ್ಟುಗಳು 'ಸೈನ್ಡ್-ಆಫ್-ಬೈ' ಅಂತ ಹೆಸರು, ಇಮೇಲ್ ಕೇಳುತ್ತವೆ. 2003ರಲ್ಲಿ ಎಸ್‌ಸಿಒ ಕಂಪನಿ ಲಿನಕ್ಸ್ ಕೋಡಿನ ಮೂಲದ ಬಗ್ಗೆ ತಕರಾರು ತೆಗೆದು ಐಬಿಎಂ ಮೇಲೆ ದಾವೆ ಹೂಡಿತು. ಅದಾದ ಮೇಲೆ, 2004ರಲ್ಲಿ, ಕರ್ನಲ್‌ನವರು ಈ ಪದ್ಧತಿ ತಂದರು. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಅಂತ ನೀವು ಕೊಡುವ ಮಾತು ಅದು. ಅಸೈನ್‌ಮೆಂಟಿನ ಮೊದಲ ಪುಟದ 'ನಾನೇ ಮಾಡಿದ್ದು' ಸಹಿಯ ಹಾಗೆ ಕಣ್ಣುಮುಚ್ಚಿ ಹಾಕೋದಲ್ಲ. ಎಐ ಬರೆದುಕೊಟ್ಟ, ನಾವು ಓದಿಯೂ ನೋಡದ ಕೋಡಿನ ಕೆಳಗೆ ಈ ಸಾಲು ಹಾಕೋ ಮುಂಚೆ ಎರಡು ಸಲ ಯೋಚಿಸಿ. ಕರ್ಲ್ ಪ್ರಾಜೆಕ್ಟಿನ ಡೇನಿಯಲ್ ಸ್ಟೆನ್‌ಬರ್ಗ್ 2024ರ ಜನವರಿಯಲ್ಲೇ, ಎಐ ಹೆಣೆದ ಸುಳ್ಳು ಬಗ್ ವರದಿಗಳು ತಮ್ಮ ಸಮಯ ಹೇಗೆ ತಿನ್ನುತ್ತಿವೆ ಅಂತ ಬರೆದಿದ್ದರು. ಆ ವರದಿಗಳ ಇಂಗ್ಲಿಷ್ ಚೆನ್ನಾಗೇ ಇರುತ್ತೆ, ಒಳಗೆ ಹುರುಳಿರೋದಿಲ್ಲ. ಸೊಟ್ಟ ಇಂಗ್ಲಿಷಿನ ಖರೇ ಮಾತಿಗೆ ಅದಕ್ಕಿಂತ ಬೆಲೆ ಜಾಸ್ತಿ.

ಕನ್ನಡದ ಕಣ್ಣಿಗೆ ಕಾಣದ ಬಲೆಗಳು

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಬರೆಯೋದಕ್ಕೆ ಇನ್ನೊಂದು ಕಾರಣ ಇದೆ. ಕನ್ನಡದ ಮುಕ್ತ ತಂತ್ರಾಂಶಗಳು ನಿಂತಿರೋದೇ ಬೆರಳೆಣಿಕೆಯ ಜನರ ಮೇಲೆ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಫಾಂಟುಗಳು ಇವತ್ತು ಡೆಬಿಯನ್‌ನಲ್ಲೂ ಸಿಗುತ್ತವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್', ಒಂದೂವರೆ ಲಕ್ಷದಷ್ಟು ಪದಗಳೊಂದಿಗೆ 2019ರಲ್ಲಿ ಮುಕ್ತ ಪರವಾನಗಿಯಡಿ ಬಂತು. ಇಂಥ ಕೆಲಸಗಳಿಗೆ ನಾವು ಕೈಜೋಡಿಸಬೇಕು. ಕೈಜೋಡಿಸುವ ಹೆಸರಿನಲ್ಲಿ ಅವರ ಕೈ ಕಟ್ಟಬಾರದು.

ಕನ್ನಡ ಪಠ್ಯದ ಪ್ಯಾಚಿನಲ್ಲಿ ಕೆಲವು ವಿಶೇಷ ಬಲೆಗಳಿವೆ, ಬೇರೆಯವರ ಗೈಡಿನಲ್ಲಿ ಇವು ಸಿಗೋದಿಲ್ಲ. ಮೊದಲನೆಯದು, ಯೂನಿಕೋಡಿನಲ್ಲಿ 'ಕೊ' ಅನ್ನೋದನ್ನು ಎರಡು ರೀತಿ ಬರೆಯಬಹುದು. ಒತ್ವದ ಒಂದೇ ಸಂಕೇತ ಬಳಸಬಹುದು, ಇಲ್ಲವೇ ಎತ್ವ ಮತ್ತು ಊತ್ವದ ಸಂಕೇತಗಳನ್ನು ಒಂದರ ಹಿಂದೆ ಒಂದು ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ನಿಮ್ಮ ಕೀಬೋರ್ಡೋ ಎಡಿಟರೋ ಇದನ್ನು ಬದಲಿಸಿದರೆ, ಒಂದಕ್ಷರವೂ ಬದಲಾಗದಂತೆ ಕಾಣುವ ಸಾಲು ಡಿಫ್‌ನಲ್ಲಿ ಕೆಂಪು-ಹಸಿರಾಗಿ ನಿಲ್ಲುತ್ತೆ, ಹುಡುಕಿದರೆ ಪದ ಸಿಗದೆ ಹೋಗುತ್ತೆ. ಪ್ರಾಜೆಕ್ಟ್ ಯಾವ ರೂಪ ಬಳಸುತ್ತೆ ನೋಡಿ, ಅದನ್ನೇ ಉಳಿಸಿ.

ಎರಡನೆಯದು, ಜೋಡಿಸುವ ಮತ್ತು ಬಿಡಿಸುವ ಅಗೋಚರ ಅಕ್ಷರಗಳು. 'ರ‍್ಯಾಂಕ್' ಅಂತ ಬರಬೇಕಾದರೆ ರಕಾರದ ಮುಂದೆ, ವಿರಾಮದ ಹಿಂದೆ, ಕಾಣದ ಒಂದು ಜೋಡಕ ಇರಬೇಕು. ಅದು ಹೋದರೆ ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತೆ. 'ಸಾಫ್ಟ್‌ವೇರ್' ಪದದ ನಡುವಿನ ಬಿಡಿಸುವ ಅಕ್ಷರ ಹೋದರೆ 'ಸಾಫ್ಟ್ವೇರ್' ಅಂತ ಒತ್ತಕ್ಷರದ ಗಂಟು ಬೀಳುತ್ತೆ. ಕಾಣದ ಅಕ್ಷರ ಎಲ್ಲಾ ಕಸ ಅಂತ ಅಳಿಸಿಹಾಕುವ ಸ್ಕ್ರಿಪ್ಟ್ ಬರೆದು ದೊಡ್ಡ 'ಕ್ಲೀನಪ್' ಪಿಆರ್ ಕಳಿಸುವ ಮುಂಚೆ ಇದು ನೆನಪಿರಲಿ.

ಮೂರನೆಯದು, ಅನುವಾದದಲ್ಲಿ ಅಂಕಿಗಳ ಜಾಗ. ಇಂಗ್ಲಿಷಿನಲ್ಲಿ 'ಪೇಜ್ 3 ಆಫ್ 10' ಅನ್ನೋದು ಕನ್ನಡದಲ್ಲಿ '10 ಪುಟಗಳಲ್ಲಿ 3ನೆಯದು' ಆದರೆ ಕ್ರಮ ತಿರುಗಿತು. ಯಾವ ಜಾಗಕ್ಕೆ ಯಾವ ಅಂಕಿ ಅಂತ ಕ್ರಮಸಂಖ್ಯೆ ಹಾಕದಿದ್ದರೆ ಬಳಸುವವರಿಗೆ '3 ಪುಟಗಳಲ್ಲಿ 10ನೆಯದು' ಅಂತ ಕಾಣುತ್ತೆ. ಅನುವಾದ ಕಳಿಸುವ ಮುಂಚೆ ಆ್ಯಪ್ ಅನ್ನು ಒಂದು ಸಲ ಕನ್ನಡದಲ್ಲಿ ನಡೆಸಿ ನೋಡಿ. ಮೆಸೇಜಿನಲ್ಲಿ 'ನಡೆಸಿ ನೋಡಿದೆ' ಅಂತ ಬರೆದರೆ, ಕನ್ನಡ ಬಾರದ ಮೇಂಟೇನರಿಗೆ ನಿಮ್ಮನ್ನು ನಂಬೋಕೆ ಒಂದು ಆಧಾರ ಸಿಗುತ್ತೆ.

ಕಳಿಸಿದ ಮೇಲೆ

ಪ್ಯಾಚ್ ಕಳಿಸಿದ ಮರುದಿನವೇ "ಸರ್ ಪ್ಲೀಸ್ ಮರ್ಜ್" ಅಂತ ಶುರುವಾಗೋದು ನಮ್ಮ ಇನ್ನೊಂದು ಚಾಳಿ. ಕನಿಷ್ಠ ಒಂದು ವಾರ ಕಾಯ್ರಿ ಅಂತ ಕರ್ನಲ್ ಕೈಪಿಡಿ ಹೇಳುತ್ತೆ. ಕಾಮೆಂಟ್ ಬಂದರೆ ಅದು ಬೈಗುಳ ಅಲ್ಲ. ಯಾರೋ ನಿಮ್ಮ ಕೋಡನ್ನು ಸಾಲುಸಾಲು ಓದಿದ್ದಾರೆ ಅಂತ ಅರ್ಥ. ಪ್ರತಿ ಕಾಮೆಂಟಿಗೂ ಉತ್ತರ ಕೊಡಿ. ಒಪ್ಪದಿದ್ದರೆ ಯಾಕೆ ಅಂತ ಹೇಳಿ, ಅದಕ್ಕೆ ಯಾರೂ ಬೇಜಾರಾಗೋದಿಲ್ಲ. ತಿದ್ದಿ ಎರಡನೇ ಆವೃತ್ತಿ ಕಳಿಸುವಾಗ ಹಿಂದಿನದಕ್ಕಿಂತ ಏನು ಬದಲಾಯ್ತು ಅಂತ ಎರಡು ಸಾಲು ಬರೆಯಿರಿ. ಕರ್ನಲ್ ಪ್ಯಾಚಿನಲ್ಲಿ ಅದನ್ನು ಮೂರು ಅಡ್ಡಗೆರೆಯ ಕೆಳಗೆ ಬರೀತಾರೆ. ಓದುವವರಿಗೆ ಕಾಣುತ್ತೆ, ಇತಿಹಾಸದಲ್ಲಿ ಉಳಿಯೋದಿಲ್ಲ. ನಮ್ಮಲ್ಲಿ ಬಹಳ ಪ್ಯಾಚುಗಳು ಸಾಯೋದು ತಿರಸ್ಕಾರದಿಂದಲ್ಲ, ಮೊದಲ ಕಾಮೆಂಟಿಗೆ ಉತ್ತರ ಕೊಡದೆ ಕೈಬಿಟ್ಟಿದ್ದರಿಂದ.

ಇಷ್ಟಕ್ಕೂ ಒಂದು ಆಕ್ಷೇಪ ನ್ಯಾಯವಾದದ್ದು. ಕೆಲವು ಪ್ರಾಜೆಕ್ಟುಗಳ ನಿಯಮ ಅತಿಯಾಗಿವೆ. ಒಂದು ಕಾಗುಣಿತ ತಿದ್ದೋಕೆ ಹತ್ತು ಪುಟ ಓದಬೇಕಾದರೆ ಹೊಸಬರು ಓಡಿಹೋಗ್ತಾರೆ. ಒರಟಾಗಿ ಉತ್ತರಿಸುವ ಮೇಂಟೇನರ್‌ಗಳೂ ಇದ್ದಾರೆ. ಯಂತ್ರ ಹಿಡಿಯಬಹುದಾದ ತಪ್ಪುಗಳನ್ನು ಯಂತ್ರವೇ ಹೇಳಲಿ, ಮನುಷ್ಯರು ಅದಕ್ಕಾಗಿ ಹೊಸಬರನ್ನು ಗದರಿಸುವುದು ಬೇಡ. ಈ ವಾದದಲ್ಲಿ ನಾವು ಹೊಸಬರ ಪರ. ಆದರೆ ನಿಯಮ ಇಲ್ಲದ ಜಾಗದಲ್ಲಿ ಏನು ನಡೆಯುತ್ತೆ ಯೋಚಿಸಿ. ಅಲ್ಲಿ ಪರಿಚಯ, ಶಿಫಾರಸು, ಕಾಲೇಜಿನ ಹೆಸರು ಕೆಲಸ ಮಾಡುತ್ತವೆ. ಆ ಮೂರರಲ್ಲೂ ನಾವು ಹಿಂದೆ. ಎಲ್ಲರಿಗೂ ಒಂದೇ ಅಂತ ಬರೆದಿಟ್ಟ ನಿಯಮ ಇದ್ದಾಗ, ಅದನ್ನು ಪಾಲಿಸಿದವರ ಪ್ಯಾಚು ಐಐಟಿಯಿಂದ ಬಂತೋ ಕಲಬುರಗಿಯಿಂದ ಬಂತೋ ಅನ್ನೋದು ಮುಖ್ಯವಾಗೋದಿಲ್ಲ.

ನಮ್ಮ ಪ್ರಸ್ತಾಪ

ಹಾಗಾಗಿ ಈ ವರ್ಷ ಕನ್ನಡ ಸಂಘದ ಮುಂದೆ ಮೂರು ಮಾತು ಇಡ್ತೀವಿ. ಒಂದು, ಪಿಆರ್ ಎಣಿಸಿ ಬಹುಮಾನ, ಸರ್ಟಿಫಿಕೇಟ್ ಕೊಡುವ ಸ್ಪರ್ಧೆ ನಮ್ಮ ಫೆಸ್ಟ್‌ನಲ್ಲಿ ಬೇಡ. ಕೊಡಲೇಬೇಕಾದರೆ ಒಬ್ಬರಿಗೆ ಒಂದೇ ಪ್ಯಾಚ್, ಅದರ ಮೆಸೇಜ್ ಮತ್ತು ಆಮೇಲಿನ ಚರ್ಚೆ ಓದಿ ಬಹುಮಾನ. ಎರಡು, ಹೊರಗೆ ಹೋಗುವ ಮುಂಚೆ ಪ್ರತಿ ಪ್ಯಾಚನ್ನೂ ಒಬ್ಬ ಗೆಳೆಯ ಅಥವಾ ಗೆಳತಿ ಓದಬೇಕು. ಬೇರೆ ಬ್ರ್ಯಾಂಚಿನವರಾದರೆ ಇನ್ನೂ ಒಳ್ಳೇದು. ಮೆಕ್ಯಾನಿಕಲ್‌ನವರಿಗೆ ಮೆಸೇಜ್ ಅರ್ಥ ಆಯ್ತು ಅಂದ್ರೆ ಜಗತ್ತಿಗೂ ಅರ್ಥ ಆಗುತ್ತೆ. ಮೂರು, ಮೆಸೇಜನ್ನು ಮೊದಲು ಕನ್ನಡದಲ್ಲಿ ಬರೆದು, ಕೂಡಿ ಕೂತು ಇಂಗ್ಲಿಷಿಗೆ ತರುವ ಒಂದು ಶನಿವಾರದ ಸಂಜೆ. ಸೀನಿಯರ್‌ಗಳು ಬರ್ರಿ, ಜೂನಿಯರ್‌ಗಳನ್ನು ಕರ್ಕೊಂಡು ಬರ್ರಿ.

ಸಂಖ್ಯೆ ಕಡಿಮೆ ಆಗುತ್ತೆ, ಗೊತ್ತು. ವರ್ಷಕ್ಕೆ ಇಡೀ ಸಂಘದಿಂದ ಐದೇ ಪ್ಯಾಚ್ ಸೇರಬಹುದು. ಆದರೆ ಆ ಐದರಲ್ಲಿ ಒಂದರಿಂದ ಕಮಲಾಪುರದ ಹುಡುಗಿಯೊಬ್ಬಳಿಗೆ ಫಾರ್ಮಿನಲ್ಲಿ ತನ್ನ ತಾಲ್ಲೂಕು ಸಿಕ್ಕರೆ, ಇನ್ನೊಂದರಿಂದ ಯಾರದೋ ಫೋನಿನಲ್ಲಿ 'ರ‍್ಯಾಂಕ್' ಸರಿಯಾಗಿ ಮೂಡಿದರೆ, ಐನೂರು ರೀಡ್‌ಮಿ ಪಿಆರ್‌ಗಳಿಗಿಂತ ಅದು ದೊಡ್ಡ ಲೆಕ್ಕ. ಇಂಟರ್‌ವ್ಯೂನಲ್ಲಿ "ಏನು ಮಾಡಿದಿರಿ?" ಅಂತ ಕೇಳಿದರೆ ಹೇಳೋಕೂ ಒಂದು ಮಾತು ಇರುತ್ತೆ. ಮುಂದಿನ ಅಕ್ಟೋಬರಿಗೆ ಗ್ರೂಪಿನಲ್ಲಿ ಯಾರಾದ್ರೂ "ಎಷ್ಟ್ ಆದ್ವು?" ಅಂದ್ರೆ, "ಯಾವ್ದು ತಿದ್ದಿದಿ, ತೋರ್ಸು" ಅಂತ ಕೇಳ್ರಿ.